ವಾಲ್ವ್ ರೇಡಿಯೊದ ರೋಗ ಪತ್ತೆ



ನಿಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಮರದ ಪೆಟ್ಟಿಗೆಯ ದೊಡ್ಡ ರೇಡಿಯೊ ಒಂದು ಇರಬಹುದು. ಮರ್ಫಿ, ಫಿಲಿಪ್ಸ್, ಬುಷ್, ಜಿ.ಇ.ಸಿ. ಹೀಗೆ ಯಾವುದೋ ಒಂದು ಹೆಸರು ಅದರ ಮೇಲಿರುತ್ತದೆ. ಸ್ವಿಚ್ ಹಾಕಿದ ಕೂಡಲೇ ಅದು ಮಾತನಾಡುವುದಿಲ್ಲ. ಒಳಗಿನ ಗಾಜಿನ ವಾಲ್ವುಗಳು ಕಾದು ಕೆಂಪಗೆ ಮಿನುಗಿದ ಮೇಲೆಯೇ ಧ್ವನಿ ನಿಧಾನವಾಗಿ ಮೂಡಿಬರುತ್ತದೆ. ಅಂಥದೊಂದು ರೇಡಿಯೊ ಕೆಟ್ಟಾಗ ದೋಷವಿರುವ ಭಾಗವನ್ನು ಹುಡುಕಿ ಬದಲಾಯಿಸುವುದು ಹೇಗೆ ಎಂಬುದು ಇಂದಿನ ವಿಷಯ. ಪಿ.ಯು.ಸಿ.ಯಲ್ಲಿ ನೀವು ಕಲಿಯುವ ಓಮ್ ನಿಯಮವಷ್ಟೇ ಇದಕ್ಕೆ ಸಾಕು.

ಮೊದಲು ಸ್ವಲ್ಪ ಹಿನ್ನೆಲೆ. ಎರಡು ಎಲೆಕ್ಟ್ರೋಡುಗಳ ವಾಲ್ವನ್ನು ಇಂಗ್ಲೆಂಡಿನ ಜಾನ್ ಆಂಬ್ರೋಸ್ ಫ್ಲೆಮಿಂಗ್ 1904ರಲ್ಲಿ ರೂಪಿಸಿದರು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಅದಕ್ಕೆ ಮೂರನೆಯ ಎಲೆಕ್ಟ್ರೋಡಾದ ಗ್ರಿಡ್ಡನ್ನು ಸೇರಿಸಿದರು. ಮೈಸೂರಿನಲ್ಲಿ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದ ‘ಆಕಾಶವಾಣಿ’ಯೂ ವಾಲ್ವ್ ಯುಗದ್ದೇ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಆ ಕಾಲ ಈಗ ಮುಗಿದಿದೆ. ಆದ್ದರಿಂದ ಇಂದು ಇಂಥ ರೇಡಿಯೊದಲ್ಲಿ ಒಂದು ವಾಲ್ವೋ ಟ್ರಾನ್ಸ್‌ಫಾರ್ಮರೋ ಸುಟ್ಟುಹೋದರೆ ಬದಲಿ ಸಿಗುವುದು ಸುಲಭವಲ್ಲ. ಆದರೆ ಅವುಗಳನ್ನು ಸುಡಿಸುವ ಅಪರಾಧಿ ಬಹಳ ಸಲ ಕೆಲವೇ ರೂಪಾಯಿಗಳ ಒಂದು ಪುಟ್ಟ ಕೆಪಾಸಿಟರ್. ನಮ್ಮ ಮೆಕ್ಯಾನಿಕ್ಕುಗಳು ಇದನ್ನೇ ಕಂಡೆನ್ಸರ್ ಎನ್ನುತ್ತಾರೆ.

ರೇಡಿಯೊದ ಕೊನೆಯ ಎರಡು ಹಂತಗಳನ್ನು ನೋಡೋಣ. ಧ್ವನಿಯ ದುರ್ಬಲ ಸಂಕೇತವನ್ನು ಒಂದು ಟ್ರಯೋಡ್ ವಾಲ್ವು ವರ್ಧಿಸುತ್ತದೆ. ಅಲ್ಲಿಂದ ಅದು ಇಎಲ್ 84ರಂಥ ಔಟ್‌ಪುಟ್ ವಾಲ್ವಿಗೆ ಹೋಗುತ್ತದೆ. ಔಟ್‌ಪುಟ್ ವಾಲ್ವು ಒಂದು ಟ್ರಾನ್ಸ್‌ಫಾರ್ಮರಿನ ಮೂಲಕ ಸ್ಪೀಕರನ್ನು ನಡೆಸುತ್ತದೆ. ಟ್ರಯೋಡಿನ ಆನೋಡಿನಲ್ಲಿ ಸುಮಾರು 90 ವೋಲ್ಟ್ ಡಿ.ಸಿ. ಇರುತ್ತದೆ, ಅದರ ಮೇಲೆ ಧ್ವನಿಯ ಏರಿಳಿತವಿರುತ್ತದೆ. ಮುಂದಿನ ವಾಲ್ವಿನ ಗ್ರಿಡ್ಡಿಗೆ ಏರಿಳಿತ ಮಾತ್ರ ಬೇಕು, ಡಿ.ಸಿ. ಬೇಡ. ಇವೆರಡರ ನಡುವೆ ಬಾಗಿಲು ಕಾಯುವುದು ಕಪ್ಲಿಂಗ್ ಕೆಪಾಸಿಟರ್. ಇದರ ಬೆಲೆ ಸಾಮಾನ್ಯವಾಗಿ 0.01 ಮೈಕ್ರೋಫ್ಯಾರಡ್‌ನ ಆಸುಪಾಸು. 1000 ಹರ್ಟ್ಸ್ ಸಂಕೇತಕ್ಕೆ ಇದು ಒಡ್ಡುವ ತಡೆ ಸುಮಾರು 16 ಕಿಲೋ ಓಮ್ ಮಾತ್ರ. ಡಿ.ಸಿ.ಗಾದರೋ ಬಾಗಿಲು ಪೂರ್ತಿ ಮುಚ್ಚಿರಬೇಕು.

ಆ ಕಾಲದ ಕೆಪಾಸಿಟರುಗಳಲ್ಲಿ ಎರಡು ಲೋಹದ ಹಾಳೆಗಳ ನಡುವೆ ಕಾಗದವನ್ನಿಟ್ಟು ಸುತ್ತಿ ಮೇಣ ಹಾಕುತ್ತಿದ್ದರು. ಕಾಗದಕ್ಕೆ ತೇವ ಹೀರುವ ಗುಣವಿದೆ. ಮೇಣ ಬಿರುಕು ಬಿಟ್ಟರೆ ಕರಾವಳಿ, ಮಲೆನಾಡುಗಳ ಮಳೆಗಾಲದ ಗಾಳಿಯೇ ಸಾಕು, ಕಾಗದ ವಿದ್ಯುತ್ತನ್ನು ಸೋರಗೊಡುತ್ತದೆ. ಈಗ ಲೆಕ್ಕ ಹಾಕಿ. ಸೋರುವ ಕೆಪಾಸಿಟರಿನ ರೋಧ 10 ಮೆಗಾ ಓಮ್, ಗ್ರಿಡ್ಡಿನಿಂದ ಚಾಸಿಗೆ ಇರುವ ರೋಧಕ 1 ಮೆಗಾ ಓಮ್ ಎಂದುಕೊಳ್ಳೋಣ. 90 ವೋಲ್ಟಿನ ಹನ್ನೊಂದನೆಯ ಒಂದು ಭಾಗ, ಅಂದರೆ ಸುಮಾರು 8 ವೋಲ್ಟ್, ಗ್ರಿಡ್ಡಿಗೆ ಬಂದುಬಿಡುತ್ತದೆ. 10 ಮೆಗಾ ಓಮ್ ಎಂದರೆ ಸಾಮಾನ್ಯ ಕಣ್ಣಿಗೆ ಒಳ್ಳೆಯ ನಿರೋಧವೇ. ಆದರೂ ಇಲ್ಲಿ ಅದು ಸಾಲದು.

ಇದರಿಂದ ಏನು ಅನಾಹುತ? ಇಎಲ್ 84ರ ಕ್ಯಾಥೋಡಿನಲ್ಲಿ ಸುಮಾರು 135 ಓಮಿನ ರೋಧಕವಿರುತ್ತದೆ. ಸರಿಯಾಗಿ ಕೆಲಸ ಮಾಡುವಾಗ 250 ವೋಲ್ಟಿನಲ್ಲಿ ಆನೋಡ್ ಪ್ರವಾಹ 48 ಮಿಲಿಆಂಪಿಯರ್, ಸ್ಕ್ರೀನ್ ಪ್ರವಾಹ 5.5 ಮಿಲಿಆಂಪಿಯರ್. ಎರಡನ್ನೂ ಕೂಡಿಸಿ 135ರಿಂದ ಗುಣಿಸಿದರೆ ಕ್ಯಾಥೋಡಿನಲ್ಲಿ ಸುಮಾರು 7 ವೋಲ್ಟ್. ಗ್ರಿಡ್ ಸೊನ್ನೆಯಲ್ಲಿರುವುದರಿಂದ ಕ್ಯಾಥೋಡಿಗೆ ಹೋಲಿಸಿದರೆ ಅದು 7 ವೋಲ್ಟ್ ಋಣ. ಪ್ರವಾಹಕ್ಕೆ ಹಾಕಿದ ಲಗಾಮು ಇದೇ. ಗ್ರಿಡ್ಡಿಗೆ ಧನ ವೋಲ್ಟೇಜ್ ಬಂದರೆ ಲಗಾಮು ಸಡಿಲವಾಗುತ್ತದೆ. ಆಗ ಕ್ಯಾಥೋಡಿನಲ್ಲಿ 11 ವೋಲ್ಟ್ ಕಂಡಿತೆನ್ನಿ. 11ನ್ನು 135ರಿಂದ ಭಾಗಿಸಿದರೆ 81 ಮಿಲಿಆಂಪಿಯರ್. ಅದರಲ್ಲಿ ಆನೋಡಿನ ಪಾಲು 70 ಎಂದಿಟ್ಟುಕೊಂಡು, 220 ವೋಲ್ಟಿನಲ್ಲಿ ಲೆಕ್ಕ ಹಾಕಿದರೂ 15 ವ್ಯಾಟ್ ದಾಟುತ್ತದೆ. ಈ ವಾಲ್ವಿನ ಆನೋಡ್ ತಡೆಯಬಲ್ಲದ್ದು 12 ವ್ಯಾಟ್ ಮಾತ್ರ. ಆನೋಡ್ ಕೆಂಪೇರುತ್ತದೆ, ಧ್ವನಿ ಒಡೆಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೂದಲೆಳೆಯಂಥ ತಂತಿ ಒಂದು ದಿನ ಸುಟ್ಟು ತುಂಡಾಗುತ್ತದೆ.

ಇಲ್ಲಿಯೇ ರಿಪೇರಿಗಾರನ ಪರೀಕ್ಷೆ. ಸುಟ್ಟದ್ದು ಕಣ್ಣಿಗೆ ಕಾಣುತ್ತದೆ, ಸುಡಿಸಿದ್ದು ಕಾಣುವುದಿಲ್ಲ. ವಾಲ್ವು ಸೋತಿದೆ ಎಂದು ಹೊಸ ವಾಲ್ವು ಹಾಕಿದರೆ ಕೆಲವು ದಿನ ಹಾಡಿ ಅದೂ ಅದೇ ದಾರಿ ಹಿಡಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಇದಕ್ಕೇ ಹೇಳಿದಂತಿದೆ.

ಪತ್ತೆಗೆ ಕೈಹಾಕುವ ಮುನ್ನ ಒಂದು ಎಚ್ಚರಿಕೆ. ಇದು ಟಾರ್ಚಿನ ಬ್ಯಾಟರಿಯ ಆಟವಲ್ಲ, 250 ವೋಲ್ಟ್ ಡಿ.ಸಿ. ಪ್ರಾಣ ತೆಗೆಯಬಲ್ಲದು. ಅಧ್ಯಾಪಕರೋ ಅನುಭವಿ ಮೆಕ್ಯಾನಿಕ್ಕೋ ಪಕ್ಕದಲ್ಲಿಲ್ಲದೆ ಪೆಟ್ಟಿಗೆ ತೆರೆಯಲೇಬೇಡಿ. ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲದ ರೇಡಿಯೊಗಳೂ ಇವೆ. ಅವುಗಳಲ್ಲಿ ಹಲವುಗಳ ವಾಲ್ವುಗಳ ಹೆಸರು ಯುಎಲ್ 84, ಯುಸಿಎಚ್ 81 ಹೀಗೆ ‘ಯು’ ಅಕ್ಷರದಿಂದ ಶುರುವಾಗುತ್ತದೆ. ಅಂಥವುಗಳ ಚಾಸಿಯೇ ಮೇನ್ಸ್ ತಂತಿಗೆ ಸೇರಿರುತ್ತದೆ. ವಿದ್ಯಾರ್ಥಿಗಳು ಅವುಗಳ ತಂಟೆಗೆ ಹೋಗದಿರುವುದೇ ಲೇಸು. ಟ್ರಾನ್ಸ್‌ಫಾರ್ಮರ್ ಇರುವ ರೇಡಿಯೊದಲ್ಲೂ ಪ್ಲಗ್ ಕಿತ್ತ ಮಾತ್ರಕ್ಕೆ ಅಪಾಯ ಮುಗಿಯದು. 50 ಮೈಕ್ರೋಫ್ಯಾರಡ್‌ನ ಫಿಲ್ಟರ್ ಕೆಪಾಸಿಟರ್ 300 ವೋಲ್ಟಿನಲ್ಲಿ 2.25 ಜೌಲ್ ಶಕ್ತಿಯನ್ನು ಹಿಡಿದಿಟ್ಟಿರುತ್ತದೆ. 10 ಕಿಲೋ ಓಮ್, 5 ವ್ಯಾಟಿನ ರೋಧಕವೊಂದನ್ನು ಇನ್ಸುಲೇಷನ್ ಇರುವ ಕ್ಲಿಪ್ಪುಗಳಿಂದ ಅದಕ್ಕೆ ಅಡ್ಡಲಾಗಿ ಜೋಡಿಸಿ. ಇದರ ಕಾಲ ಸ್ಥಿರಾಂಕ ಅರ್ಧ ಸೆಕೆಂಡ್. ಕೆಲವು ಸೆಕೆಂಡು ಬಿಟ್ಟು, ವೋಲ್ಟೇಜ್ ಸೊನ್ನೆಯಾಗಿದೆಯೇ ಎಂದು ಮೀಟರಿನಲ್ಲಿ ನೋಡಿಯೇ ಮುಟ್ಟಿ.

ಬಹುಕಾಲ ಮೂಲೆಯಲ್ಲಿದ್ದ ರೇಡಿಯೊಗೆ ನೇರವಾಗಿ ಕರೆಂಟು ಕೊಡಬೇಡಿ. 60 ವ್ಯಾಟಿನ ಫಿಲಮೆಂಟ್ ಬಲ್ಬೊಂದನ್ನು ಸೀರೀಸಿನಲ್ಲಿ ಹಾಕಿ. ಎಲ್‌.ಇ.ಡಿ. ಬಲ್ಬು ಇದಕ್ಕೆ ಆಗದು. ಬಲ್ಬು ಪೂರ್ಣ ಪ್ರಕಾಶದಲ್ಲಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ ಎಂದರ್ಥ, ಕೂಡಲೇ ಆರಿಸಿ. ಮೊದಲು ಹೊಳೆದು ಆಮೇಲೆ ಮಂಕಾದರೆ ಮುಂದುವರಿಯಬಹುದು. ಅಳತೆ ತೆಗೆಯುವಾಗ ಮಾತ್ರ ಬಲ್ಬನ್ನು ತೆಗೆದು ಪೂರ್ಣ ವೋಲ್ಟೇಜ್ ಕೊಡಬೇಕು.

ಈಗ ಪತ್ತೆ. ಕರೆಂಟು ಇಲ್ಲದಿರುವಾಗಲೇ ಡಿಜಿಟಲ್ ಮೀಟರಿನ ಕಪ್ಪು ತಂತಿಯನ್ನು ಚಾಸಿಗೆ ಕ್ಲಿಪ್ಪಿನಿಂದ ಕಚ್ಚಿಸಿ. ಒಂದು ಕೈ ಬೆನ್ನ ಹಿಂದಿರಲಿ. ಇಎಲ್ 84ರ ಗ್ರಿಡ್ 2ನೆಯ ಪಿನ್ನಿನಲ್ಲಿದೆ. ವಾಲ್ವಿನ ಬುಡವನ್ನು ಕೆಳಗಿನಿಂದ ನೋಡುತ್ತ, ಪಿನ್ನುಗಳ ನಡುವಿನ ಖಾಲಿ ಜಾಗದಿಂದ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಣಿಸಬೇಕು. ರೇಡಿಯೊ ಕಾದ ಮೇಲೆ ಅಲ್ಲಿನ ಡಿ.ಸಿ. ಅಳೆಯಿರಿ. ಹೆಚ್ಚುಕಡಿಮೆ ಸೊನ್ನೆ ಇದ್ದರೆ ಕೆಪಾಸಿಟರ್ ನಿರಪರಾಧಿ. ಒಂದೆರಡು ವೋಲ್ಟ್ ಧನ ಕಂಡರೂ ಸಂಶಯ ಪಡಿ. ಹಳೆಯ ಮುಳ್ಳಿನ ಮೀಟರ್ ಇಲ್ಲಿ ನಂಬಿಕೆಗೆ ತಕ್ಕದ್ದಲ್ಲ, ಏಕೆಂದರೆ ಅದರ ಒಳರೋಧ ಕಡಿಮೆಯಾದ್ದರಿಂದ ಸೋರಿಕೆಯ ವೋಲ್ಟೇಜನ್ನು ಅದೇ ಕೆಳಗಿಳಿಸಿಬಿಡುತ್ತದೆ.

ಸಂಶಯ ಬಂದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಹಳತಾದ ಔಟ್‌ಪುಟ್ ವಾಲ್ವು ತಾನೇ ಗ್ರಿಡ್ಡಿನಲ್ಲಿ ಧನ ವೋಲ್ಟೇಜನ್ನು ಉಂಟುಮಾಡುವುದುಂಟು. ರೇಡಿಯೊ ಆರಿಸಿ, ಫಿಲ್ಟರ್ ಕೆಪಾಸಿಟರನ್ನು ಬರಿದುಮಾಡಿ, ಕಪ್ಲಿಂಗ್ ಕೆಪಾಸಿಟರಿನ ಗ್ರಿಡ್ ಕಡೆಯ ಕಾಲನ್ನು ಬೆಸುಗೆ ಬಿಚ್ಚಿ ಮೇಲೆತ್ತಿ. ಬಿಚ್ಚಿದ ತುದಿ ಯಾವುದಕ್ಕೂ ತಾಗದಂತಿರಲಿ. ಪುನಃ ಅಳೆಯಿರಿ. ವೋಲ್ಟೇಜ್ ಮಾಯವಾದರೆ ದೋಷ ಕೆಪಾಸಿಟರಿನದು. ಉಳಿದುಕೊಂಡರೆ ವಾಲ್ವಿನದು ಅಥವಾ ಅದರ ಬುಡದ್ದು. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ ಫಲಿತಾಂಶ ನೋಡುವ ಈ ಕ್ರಮವನ್ನೇ ನೀವು ಪ್ರಯೋಗಶಾಲೆಯಲ್ಲೂ ಪಾಲಿಸುತ್ತೀರಿ.

ಬದಲಿಗೆ ಕಾಗದದ ಕೆಪಾಸಿಟರನ್ನೇ ಹುಡುಕಬೇಕಿಲ್ಲ. ಅಂಗಡಿಯಲ್ಲಿ ಉಳಿದ ಹಳೆಯ ಸರಕು ಬಳಸದೆಯೂ ಕೆಟ್ಟಿರುತ್ತದೆ. 630 ವೋಲ್ಟಿನ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಕೆಪಾಸಿಟರ್ ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇಂಥವು ಸಿಗುತ್ತವೆ. ಮೈಮೇಲೆ 103 ಎಂದಿದ್ದರೆ 10ರ ಮುಂದೆ ಮೂರು ಸೊನ್ನೆ, ಅಂದರೆ 10,000 ಪೈಕೋಫ್ಯಾರಡ್. ಅದೇ 0.01 ಮೈಕ್ರೋಫ್ಯಾರಡ್. ಇದಕ್ಕೆ ಧನ, ಋಣ ಎಂಬ ಭೇದವಿಲ್ಲ. ಫಿಲ್ಟರಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿಗೆ ಮಾತ್ರ ಆ ಭೇದ ಇದ್ದೇ ಇದೆ, ಅದನ್ನು ತಿರುಗಮುರುಗ ಹಾಕಿದರೆ ಸಿಡಿಯಬಹುದು. ಹಳೆಯದು ಎಲ್ಲಿಂದ ಎಲ್ಲಿಗಿತ್ತು ಎಂದು ಬಿಚ್ಚುವ ಮೊದಲೇ ಕಾಗದದಲ್ಲಿ ಚಿತ್ರ ಬರೆದುಕೊಳ್ಳಿ. ಕಾಲುಗಳು ಗಿಡ್ಡವಾಗಿರಲಿ, ಬೆಸುಗೆ ಹೊಳೆಯುತ್ತಿರಲಿ.

ಕೆಲಸ ಮುಗಿದ ಮೇಲೆ ಗ್ರಿಡ್ಡಿನಲ್ಲಿ ಸೊನ್ನೆ, ಕ್ಯಾಥೋಡಿನಲ್ಲಿ ಸುಮಾರು 7 ವೋಲ್ಟ್ ಬಂದರೆ ರೋಗ ವಾಸಿಯಾಯಿತು. ಅರ್ಧ ಗಂಟೆ ಹಾಡಲು ಬಿಟ್ಟು ಇನ್ನೊಮ್ಮೆ ಅಳೆಯಿರಿ, ಏಕೆಂದರೆ ಕೆಲವು ದೋಷಗಳು ಬಿಸಿಯಾದ ಮೇಲಷ್ಟೇ ತಲೆಯೆತ್ತುತ್ತವೆ. ಉತ್ಸಾಹದಲ್ಲಿ ಐ.ಎಫ್. ಟ್ರಾನ್ಸ್‌ಫಾರ್ಮರುಗಳ ಸ್ಕ್ರೂಗಳನ್ನು ತಿರುಗಿಸಬೇಡಿ. ಕಾರ್ಖಾನೆಯಲ್ಲಿ ಉಪಕರಣವಿಟ್ಟು ಕೂಡಿಸಿದ ಶ್ರುತಿ ಒಂದೇ ಸುತ್ತಿಗೆ ಕೆಡುತ್ತದೆ.

ಕೆಟ್ಟ ರೇಡಿಯೊವನ್ನು ಗುಜರಿಗೆ ಹಾಕುವುದು ಸುಲಭ. ಒಳಗಿನ ಭಾಗಗಳನ್ನೆಲ್ಲ ಕಿತ್ತು ಹೊಸದು ಹಾಕುವುದೂ ಒಂದು ದಾರಿಯೇ. ಆದರೆ ಅವೆರಡರಲ್ಲಿ ನೀವು ಕಲಿಯುವುದೇನೂ ಇಲ್ಲ. ಅಳೆದು, ಯೋಚಿಸಿ, ಒಂದೇ ಒಂದು ಭಾಗದ ಮೇಲೆ ಬೆರಳಿಟ್ಟು ‘ಇದೇ’ ಎಂದು ಕಾರಣಸಹಿತ ಹೇಳಬಲ್ಲವರಾದರೆ, ನಾಳೆ ನಿಮ್ಮ ಮುಂದೆ ಯಾವ ಯಂತ್ರ ಬಂದರೂ ಆ ಅಭ್ಯಾಸ ಕೈಹಿಡಿಯುತ್ತದೆ. ನಿಮ್ಮ ಕಾಲೇಜಿನ ಭೌತವಿಜ್ಞಾನ ವಿಭಾಗದಲ್ಲಿ ಹಳೆಯ ರೇಡಿಯೊ ಒಂದಿದ್ದರೆ ಅಧ್ಯಾಪಕರನ್ನು ಕೇಳಿ ನೋಡಿ. ಅವರ ಕಣ್ಣೆದುರಿನಲ್ಲಿ, ಮೀಟರ್ ಹಿಡಿದು, ಆ 2ನೆಯ ಪಿನ್ನಿನಿಂದಲೇ ಪ್ರಾರಂಭಿಸಿ.