ಕಡಲ ಮಕ್ಕಳ ಚಿಂತೆಯೂ ಕ್ರೈಸ್ತಪ್ರಾರ್ಥನೆಯೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ಚಿತೆಗೂ ಚಿಂತೆಗೂ ಬರವಣಿಗೆಯಲ್ಲಿ ಒಂದೇ ಸೊನ್ನೆಯ ಅಂತರವೆಂದು ಬಲ್ಲವರು ಹೇಳಿರುವರು. ಫಲದಲ್ಲಿಯಾದರೋ ಅಂತರವು ಬಹು ದೊಡ್ಡದು. ಚಿತೆಯು ಸತ್ತವನನ್ನು ಒಂದು ಸಾರೆ ಸುಟ್ಟು ತಣ್ಣಗಾಗುವದು. ಚಿಂತೆಯು ಬದುಕಿರುವವನನ್ನು ದಿನದಿನವೂ ಸುಡುತ್ತ ತಾನು ಆರದೆ ಉಳಿಯುವದು. ಇದ್ದವನಿಗೆ ಇದ್ದುದನ್ನು ಕಾಯುವ ಚಿಂತೆ, ಇಲ್ಲದವನಿಗೆ ಬೇಕಾದುದನ್ನು ತರುವ ಚಿಂತೆ, ಸಂತಾನವಿದ್ದವರಿಗೆ ಒಂದು, ಇಲ್ಲದವರಿಗೆ ಮತ್ತೊಂದು. ಈ ಬೆಂಕಿಯ ಬೇಗೆಯನ್ನರಿಯದ ಮನೆಯು ಲೋಕದಲ್ಲಿ ದುರ್ಲಭವು. ಆದುದರಿಂದಲೇ ಎಲ್ಲ ಧರ್ಮಗಳ ಆಚಾರ್ಯರೂ ಇದನ್ನು ಕುರಿತು ಏನಾದರೊಂದು ಹೇಳಿರುವರು. ಕ್ರೈಸ್ತಧರ್ಮವು ಈ ವಿಷಯದಲ್ಲಿ ಮಾಡಿರುವ ಬೋಧೆಯೇ ಇಂದಿನ ಉಪನ್ಯಾಸದ ವಿಷಯವು.

ವಿಷಯವು ಬರಿಯ ಮಾತಿನಲ್ಲಿ ತೇಲಿಹೋಗದಂತೆ ಅದನ್ನು ಒಂದು ನೆಲದ ಮೇಲೆ ನಿಲ್ಲಿಸಿ ನೋಡುವದು ಒಳ್ಳೆಯದು. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲೂಕಿನಲ್ಲಿ ತೆಂಗಿನಗುಂಡಿಯೆಂಬ ಗ್ರಾಮವಿರುವದು. ಮುಂದೆ ಅರಬ್ಬೀ ಸಮುದ್ರ, ಹಿಂದೆ ಸಹ್ಯಾದ್ರಿಯ ಸಾಲು, ಹೊಳೆಯು ಕಡಲನ್ನು ಕೂಡುವ ಅಳಿವೆ, ಅಳಿವೆಯ ಬದಿಯಲ್ಲಿ ಮೀನುಗಾರರ ಬಂದರು. ಹೊರಗಿನಿಂದ ಬಂದವನು ಈ ನೋಟವನ್ನು ಕಂಡು ಇಲ್ಲಿಯ ಜನರ ಬಾಳು ಎಷ್ಟು ಸುಂದರವೆಂದುಕೊಳ್ಳುವನು. ಆದರೆ ಆ ಬಾಳಿನ ಒಳಗನ್ನು ಬಲ್ಲವರು ಹಾಗೆ ಹೇಳಲಾರರು.

ಒಕ್ಕಲಿಗನು ಬಿತ್ತಿದ ಹೊಲವನ್ನು ಕಣ್ಣಾರೆ ನೋಡುತ್ತಿರಬಹುದು. ಬೆಸ್ತನ ಹೊಲವಾದರೋ ಕಾಣದು. ಇಂದು ಬಂಗಡೆ, ತಾರಲೆಗಳ ಹಿಂಡು ದೊರೆತ ಸ್ಥಳದಲ್ಲಿ ನಾಳೆ ಬರಿಯ ನೀರು ದೊರೆಯುವದು. ಪ್ರತಿವರ್ಷ ಜೂನ್ 1ರಿಂದ ಜುಲೈ 31ರ ವರೆಗೆ 61 ದಿನಗಳ ಕಾಲ ಯಂತ್ರದ ಬೋಟುಗಳು ಕಡಲಿಗಿಳಿಯಬಾರದೆಂಬ ಸರಕಾರದ ಕಟ್ಟಳೆಯಿರುವದು. ಮೀನು ಮರಿಹಾಕಿ ಬೆಳೆಯಲೆಂಬ ಉದ್ದೇಶವು ಯೋಗ್ಯವೇ ಸರಿ. ಆದರೆ ಬೋಟಿನ ಕೂಲಿಯನ್ನೇ ನಂಬಿದ ಮನೆಯ ಒಲೆಗೆ ಆ ಎರಡು ತಿಂಗಳು ದೀರ್ಘವಾಗಿ ತೋರುವವು. ಸಣ್ಣ ನಾಡದೋಣಿಗಳಿಗೆ ಈ ನಿಷೇಧವಿಲ್ಲದ ಕಾರಣ, ಮಳೆಗಾಲದ ಒರಟು ಕಡಲಿಗೆ ಅತಿ ಚಿಕ್ಕ ದೋಣಿಯವನೇ ಇಳಿಯುವನು. ಅಳಿವೆಯ ಬಾಯಲ್ಲಿ ಹೂಳು ತುಂಬಿ, ಅದರ ಮೇಲೆ ತೆರೆಯು ಮುರಿದು ಬೀಳುವಾಗ, ನಡುಗಡಲನ್ನು ದಾಟಿ ಬಂದ ದೋಣಿಯೂ ಮನೆ ಕಾಣುವಷ್ಟು ಸಮೀಪದಲ್ಲಿ ಮಗುಚಿಕೊಳ್ಳುವ ಭಯವುಂಟು. 2021ರ ಮೇ ತಿಂಗಳಲ್ಲಿ ತೌಕ್ತೆಯೆಂಬ ಚಂಡಮಾರುತವು ಈ ಕರಾವಳಿಯನ್ನು ಬಡಿದಾಗ, ದಡದ ಮೇಲಿನ ಬದುಕಾದರೂ ಭದ್ರವೆಂಬ ಭಾವನೆಯು ಎಷ್ಟು ತೆಳುವಾದುದೆಂಬುದು ಎಲ್ಲರಿಗೂ ತಿಳಿಯಿತು. ಇವೆಲ್ಲಕ್ಕೂ ಮೇಲೆ ಬಲೆಯ ಸಾಲ, ಎಂಜಿನಿನ ಸಾಲ. ಕಡಲಿಗೆ ಹೋದವನು ಒಂದು ಚಿಂತೆಯನ್ನು ಹೊತ್ತು ಹೋದರೆ ದಡದಲ್ಲಿ ನಿಂತು ದಾರಿ ನೋಡುವ ತಾಯಿಯೂ ಮಡದಿಯೂ ನೂರು ಚಿಂತೆಗಳನ್ನು ಹೊತ್ತಿರುವರು. ಇಂಥವರ ಮುಂದೆ ನಿಂತು, ಚಿಂತೆ ಮಾಡಬೇಡಿರೆಂದು ಸುಲಭವಾಗಿ ಹೇಳಿಹೋಗುವವನ ಮಾತಿಗೆ ಬೆಲೆಯಿಲ್ಲ.

ಈಗ ವಿಚಾರಿಸತಕ್ಕ ಸಂಗತಿಯೊಂದುಂಟು. ಯೇಸುಕ್ರಿಸ್ತನ ಬೋಧೆಯನ್ನು ಮೊಟ್ಟಮೊದಲು ಕೇಳಿದವರಲ್ಲಿ ಮುಖ್ಯರಾದವರು ಇಂಥ ಬೆಸ್ತರೇ ಆಗಿದ್ದರು. ಪೇತ್ರನೂ ಅವನ ತಮ್ಮನಾದ ಅಂದ್ರೆಯನೂ, ಯಾಕೋಬ ಯೋಹಾನರೆಂಬ ಅಣ್ಣತಮ್ಮಂದಿರೂ ಗಲಿಲಾಯದ ಸರೋವರದಲ್ಲಿ ಬಲೆ ಬೀಸಿ ಜೀವಿಸುತ್ತಿದ್ದವರು. ಆ ಸರೋವರವು ಸುಮಾರು 21 ಕಿಲೋಮೀಟರ್ ಉದ್ದವುಳ್ಳದ್ದು. ಸಮುದ್ರಮಟ್ಟಕ್ಕಿಂತ ಇನ್ನೂರು ಮೀಟರಿಗೂ ಹೆಚ್ಚು ತಗ್ಗಿನಲ್ಲಿ, ಗುಡ್ಡಗಳ ನಡುವೆ ಇರುವದರಿಂದ ಅದರ ಮೇಲೆ ಗಾಳಿಯು ಹಠಾತ್ತಾಗಿ ಎರಗುವದು. 1986ರಲ್ಲಿ ಬರಗಾಲದಿಂದ ನೀರು ಇಳಿದಾಗ ಅದರ ಕೆಸರಿನಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯದಾದ ದೋಣಿಯೊಂದು ದೊರೆಯಿತು. ಅದರ ಉದ್ದವು ಸುಮಾರು 27 ಅಡಿ, ಅಗಲವು ಏಳೂವರೆ ಅಡಿ. ತೆಂಗಿನಗುಂಡಿಯ ಮೀನುಗಾರನು ಅದನ್ನು ನೋಡಿದರೆ, ಈ ದೋಣಿಯವನ ಕಷ್ಟಸುಖವು ತನಗೆ ತಿಳಿದುದೇ ಎಂದಾನು.

ಅಂಥದೊಂದು ದೋಣಿಯಲ್ಲಿ ಗುರುವು ಶಿಷ್ಯರೊಡನೆ ಸಂಜೆಯ ಹೊತ್ತಿನಲ್ಲಿ ಆಚೆಯ ದಡಕ್ಕೆ ಹೊರಟ ಪ್ರಸಂಗವನ್ನು ಮಾರ್ಕನು ತನ್ನ ಸುವಾರ್ತೆಯಲ್ಲಿ ವರ್ಣಿಸಿರುವನು. ಬಿರುಗಾಳಿಯೆದ್ದು ದೋಣಿಯೊಳಗೆ ನೀರು ತುಂಬತೊಡಗಿತು. ಗುರುವು ದೋಣಿಯ ಹಿಂಭಾಗದಲ್ಲಿ ದಿಂಬಿಗೆ ತಲೆಯಿಟ್ಟು ನಿದ್ರಿಸುತ್ತಿದ್ದನು. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆಯೆಂಬ ಕನ್ನಡದ ಗಾದೆಗೆ ಇದಕ್ಕಿಂತ ಹಿರಿದಾದ ನಿದರ್ಶನವು ಸಿಕ್ಕುವದು ಕಷ್ಟ. ಕಡಲನ್ನು ಬಲ್ಲ ಶಿಷ್ಯರೇ ಹೆದರಿ ಅವನನ್ನು ಎಬ್ಬಿಸಿ, ತಾವು ಸಾಯುತ್ತಿರುವದು ಅವನಿಗೆ ಲಕ್ಷ್ಯವಿಲ್ಲವೇ ಎಂದು ಆಕ್ಷೇಪಿಸಿದರು. ಅವನೆದ್ದು ಗಾಳಿಯನ್ನೂ ನೀರನ್ನೂ ಶಾಂತಗೊಳಿಸಿದನು. ಬಳಿಕ ಅವರ ಭಯವನ್ನೂ ಅವಿಶ್ವಾಸವನ್ನೂ ಪ್ರಶ್ನಿಸಿದನು. ಕ್ರೈಸ್ತರು ಈ ಕಥೆಯಲ್ಲಿ ಎರಡು ಅರ್ಥಗಳನ್ನು ಕಾಣುವರು. ಗಾಳಿಗೆ ಒಡೆಯನಾದವನು ತಮ್ಮ ದೋಣಿಯಲ್ಲಿಯೇ ಇರುವನೆಂಬುದೊಂದು. ಹೆದರಿ ಕೂಗಿದವರನ್ನು ಅವನು ಕೈಬಿಡಲಿಲ್ಲವೆಂಬುದು ಇನ್ನೊಂದು. ಆ ಕೂಗಿನಲ್ಲಿ ವಿನಯವಾಗಲಿ ಶಾಸ್ತ್ರವಾಗಲಿ ಇರಲಿಲ್ಲ. ಆದಾಗ್ಯೂ ಅದು ಪ್ರಾರ್ಥನೆಯೇ ಆಯಿತು.

ಚಿಂತೆಯನ್ನು ಕುರಿತು ಯೇಸುವಿನ ಮುಖ್ಯ ಬೋಧೆಯು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿರುವದು. ಬಿತ್ತದ, ಕೊಯ್ಯದ, ಕಣಜ ತುಂಬದ ಹಕ್ಕಿಗಳಿಗೆ ಉಣಿಸುವವನೂ, ನೂಲದ ಹೊಲದ ಹೂವಿಗೆ ಅರಸನಿಗೂ ಇಲ್ಲದ ಉಡುಗೆಯನ್ನು ಉಡಿಸುವವನೂ ಆದ ದೇವರು ಮನುಷ್ಯನನ್ನು ಮರೆಯನೆಂಬುದು ಅದರ ಸಾರವು. ಇದನ್ನು ಓದಿ ಕೆಲವರು, ಹಾಗಾದರೆ ದುಡಿಯದೆ ಕುಳಿತಿರಬಹುದೋ ಎಂದು ಕೇಳುವದುಂಟು. ಹಕ್ಕಿಯು ಕುಳಿತು ಉಣ್ಣುವ ಪ್ರಾಣಿಯಲ್ಲ. ಬೆಳಗಾಗುವ ಮೊದಲೇ ಎದ್ದು ಹೊತ್ತು ಮುಳುಗುವ ವರೆಗೆ ಹಾರಾಡಿ ಕಾಳು ಹುಡುಕುವದು. ಆದರೆ ನಾಳಿನ ಕಾಳಿಗಾಗಿ ಇಂದಿನ ರಾತ್ರಿ ನಿದ್ದೆಗೆಡದು. ಗ್ರೀಕ್ ಮೂಲದಲ್ಲಿ ಚಿಂತೆಗೆ ಬಳಸಿರುವ ಶಬ್ದವನ್ನು, ಭಾಗವಾಗುವದು ಎಂಬರ್ಥದ ಧಾತುವಿನೊಡನೆ ಹಲವರು ಹೊಂದಿಸಿ ವಿವರಿಸುವರು. ಚಿಂತಿಸುವ ಮನಸ್ಸು ಎರಡಾಗಿ ಸೀಳಿದ ಮನಸ್ಸು. ಒಂದು ಪಾಲು ಇಂದಿನಲ್ಲಿ, ಒಂದು ಪಾಲು ಬಾರದ ನಾಳೆಯಲ್ಲಿ. ಹುಟ್ಟು ಹಾಕುವವನ ಕೈ ದೋಣಿಯಲ್ಲಿದ್ದು ಮನಸ್ಸು ಸಾಲಗಾರನ ಬಾಗಿಲಲ್ಲಿದ್ದರೆ, ಸಾಲವೂ ತೀರದು, ದೋಣಿಯೂ ನೆಟ್ಟಗೆ ಸಾಗದು.

ಇಲ್ಲಿ ಒಂದು ವಿವೇಕವನ್ನು ಮರೆಯಲಾಗದು. ಚಿಂತೆ ಬೇರೆ, ಎಚ್ಚರಿಕೆ ಬೇರೆ. ಹವೆಯ ಮುನ್ಸೂಚನೆಯನ್ನು ಕೇಳಿ ದೋಣಿಯನ್ನು ದಡಕ್ಕೆಳೆದು ಕಟ್ಟುವದೂ, ತೇಲುವ ಅಂಗಿಯನ್ನು ತೊಟ್ಟು ಕಡಲಿಗಿಳಿಯುವದೂ ಎಚ್ಚರಿಕೆಯು; ಅದಕ್ಕೆ ಕೈಕೆಲಸವುಂಟು, ಮುಗಿಯುವ ಹೊತ್ತುಂಟು. ಕಟ್ಟಿದ ದೋಣಿಯನ್ನೇ ನೆನೆನೆನೆದು ರಾತ್ರಿಯೆಲ್ಲ ಹೊರಳಾಡುವದು ಚಿಂತೆಯು. ಅದಕ್ಕೆ ಕೈಯೂ ಇಲ್ಲ, ಕೊನೆಯೂ ಇಲ್ಲ. ದೇವರು ಕಾಯುವನೆಂದು ಹೇಳಿ ಮುನ್ಸೂಚನೆಯನ್ನು ಕಡೆಗಣಿಸಿ ತೆರೆಗೆ ನುಗ್ಗುವವನು ಭಕ್ತನೆನಿಸನು. ದೇವರನ್ನು ಪರೀಕ್ಷಿಸಬಾರದೆಂದು ಯೇಸುವೇ ಸೈತಾನನಿಗೆ ಉತ್ತರಕೊಟ್ಟುದು ಕ್ರೈಸ್ತರ ಶಾಸ್ತ್ರದಲ್ಲಿರುವದು.

ಇನ್ನು ಪ್ರಾರ್ಥನೆಯ ವಿಚಾರ. ಯೇಸುವು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯು ಅತಿ ಚಿಕ್ಕದು. ಅದರಲ್ಲಿ ಹೊಟ್ಟೆಯ ವಿಷಯವಾಗಿ ಬೇಡಿರುವದು ಆ ದಿನದ ಆಹಾರವನ್ನು ಮಾತ್ರ. ವರ್ಷದ ಕಣಜವನ್ನು ಬೇಡಲು ಅಲ್ಲಿ ಕಲಿಸಿಲ್ಲ. ಮೇಲಾಗಿ ಅದು ಒಬ್ಬನಿಗಾಗಿ ಒಬ್ಬನು ಮಾಡುವ ಬೇಡಿಕೆಯಲ್ಲ; ಎಲ್ಲರಿಗಾಗಿ ಎಲ್ಲರೂ ಕೂಡಿ ಬೇಡುವದು. ತನ್ನ ಗಡಿಗೆಯಲ್ಲಿ ಅನ್ನವಿದ್ದು ನೆರೆಯವನ ಒಲೆಯು ತಣ್ಣಗಿರುವಾಗ ಆ ಪ್ರಾರ್ಥನೆಯನ್ನು ಹೇಳುವವನು, ಅದರ ಉತ್ತರವು ತನ್ನ ಕೈಯಲ್ಲಿಯೇ ಇರುವದೆಂದು ತಿಳಿಯಬೇಕಾಗುವದು.

ಪೌಲನೆಂಬ ಅಪೊಸ್ತಲನು ಸೆರೆಯಲ್ಲಿದ್ದಾಗ ಫಿಲಿಪ್ಪಿಯೆಂಬ ಪಟ್ಟಣದ ಭಕ್ತರಿಗೆ ಬರೆದ ಪತ್ರದಲ್ಲಿ ಈ ಸಾಧನೆಯ ಕ್ರಮವನ್ನು ತಿಳಿಸಿರುವನು. ಮನಸ್ಸನ್ನು ಕೊರೆಯುವ ಪ್ರತಿಯೊಂದು ವಿಷಯವನ್ನೂ ಹೆಸರು ಹಿಡಿದು ದೇವರಿಗೆ ತಿಳಿಸಬೇಕು. ತಿಳಿಸುವಾಗ ಹಿಂದೆ ಪಡೆದ ಉಪಕಾರಗಳನ್ನು ನೆನೆದು ವಂದಿಸಬೇಕು. ಆಗ ಬುದ್ಧಿಗೆ ನಿಲುಕದ ಶಾಂತಿಯೊಂದು ಹೃದಯವನ್ನು ಕಾಯುವದು. ಕಾಯುವದೆಂಬುದಕ್ಕೆ ಅಲ್ಲಿ ಬಳಸಿದ ಮಾತು ದಂಡಿನ ಮಾತು, ಕೋಟೆಯ ಬಾಗಿಲಲ್ಲಿ ಪಹರೆ ನಿಲ್ಲುವದು ಎಂಬರ್ಥದ್ದು. ಫಿಲಿಪ್ಪಿಯು ರೋಮಿನ ಹಳೆಯ ಸಿಪಾಯಿಗಳು ನೆಲೆಸಿದ ಊರಾದುದರಿಂದ ಅಲ್ಲಿಯವರಿಗೆ ಈ ಮಾತು ಚೆನ್ನಾಗಿ ತಿಳಿದಿತ್ತು. ಪೇತ್ರನ ಹೆಸರಿನಲ್ಲಿರುವ ಪತ್ರದಲ್ಲಿಯಾದರೋ, ಚಿಂತೆಯೆಲ್ಲವನ್ನೂ ದೇವರ ಮೇಲೆ ಎಸೆದುಬಿಡಬೇಕೆಂಬ ಬೋಧೆಯಿರುವದು. ಜೀವಮಾನದಲ್ಲಿ ಸಾವಿರ ಸಾರೆ ಬಲೆಯನ್ನು ಬೀಸಿದವನಿಗೆ ಎಸೆಯುವದೆಂದರೇನೆಂದು ಗೊತ್ತು. ಅರ್ಧ ಕೈಯಲ್ಲಿ ಹಿಡಿದು ಅರ್ಧ ಎಸೆದ ಬಲೆಯು ಹರಡುವದಿಲ್ಲ.

ಆದರೆ ಪ್ರಾರ್ಥಿಸಿದ ಮನೆಯ ದೋಣಿಯೂ ಮುಳುಗುವದಿಲ್ಲವೇ? ಈ ಪ್ರಶ್ನೆಯನ್ನು ಬದಿಗೆ ಸರಿಸಿದರೆ ಉಳಿದ ಮಾತೆಲ್ಲವೂ ವ್ಯರ್ಥವಾಗುವದು. ಮುಳುಗುವದು ನಿಜ. ಯೇಸುವು ತಾನೇ ಸಾಯುವ ಹಿಂದಿನ ರಾತ್ರಿ ಗೆತ್ಸೇಮನೆಯ ತೋಟದಲ್ಲಿ ಮನಸ್ಸು ಕುಂದಿ, ಆ ಸಂಕಟವು ತನ್ನಿಂದ ತೊಲಗಲೆಂದು ಬೇಡಿಕೊಂಡನು. ಅದು ತೊಲಗಲಿಲ್ಲ. ಆದರೆ ತಂದೆಯ ಚಿತ್ತವೇ ನಡೆಯಲೆಂದು ಅರ್ಪಿಸಿಕೊಂಡ ಮೇಲೆ ಅವನು ಎದ್ದು, ತನ್ನನ್ನು ಹಿಡಿಯಬಂದವರಿಗೆ ತಾನೇ ಎದುರಾಗಿ ಹೋದನು. ಕ್ರೈಸ್ತರ ದೃಷ್ಟಿಯಲ್ಲಿ ಪ್ರಾರ್ಥನೆಯ ಫಲವು ಇದು. ಕಡಲು ಬದಲಾಗಬಹುದು, ಬದಲಾಗದೆಯೂ ಇರಬಹುದು. ಕಡಲನ್ನು ಎದುರಿಸುವವನು ಒಬ್ಬಂಟಿಗನಾಗಿ ಉಳಿಯುವದಿಲ್ಲ.

ಅಮೇರಿಕೆಯ ಚಿಕಾಗೋ ನಗರದಲ್ಲಿ ಹೊರೇಷಿಯೋ ಸ್ಪಾಫರ್ಡ್ ಎಂಬ ವಕೀಲನಿದ್ದನು. 1871ರಲ್ಲಿ ಆ ನಗರವನ್ನು ಸುಟ್ಟ ಮಹಾಬೆಂಕಿಯಿಂದ ಅವನ ಆಸ್ತಿಗೆ ದೊಡ್ಡ ನಷ್ಟವಾಯಿತು. 1873ರ ನವೆಂಬರದಲ್ಲಿ ಅವನ ಹೆಂಡತಿಯೂ ನಾಲ್ವರು ಹೆಣ್ಣುಮಕ್ಕಳೂ ಯುರೋಪಿಗೆ ಹೊರಟಿದ್ದ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಬೇರೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. 226 ಜನರು ಸತ್ತರು. ಆ ನಾಲ್ವರು ಮಕ್ಕಳೂ ಹೋದರು, ತಾಯಿಯೊಬ್ಬಳು ಉಳಿದಳು. ಆ ತಂದೆಯು ಮುಂದೆ ರಚಿಸಿದ ಕೀರ್ತನೆಯು, ಏನೇ ಬರಲಿ ತನ್ನ ಆತ್ಮವು ಕ್ಷೇಮದಲ್ಲಿರುವದೆಂಬ ಭಾವದ್ದು. ಇಂದಿಗೂ ಅನೇಕ ದೇಶಗಳ ಕ್ರೈಸ್ತರು ಅದನ್ನು ಹಾಡುವರು. ಆ ದಂಪತಿಗಳು ದುಃಖವನ್ನು ಹಾಡಿನಲ್ಲಿಯೇ ಮುಗಿಸಲಿಲ್ಲ. 1881ರಲ್ಲಿ ಯೆರೂಸಲೇಮಿಗೆ ಹೋಗಿ ನೆಲೆಸಿ, ಯೆಹೂದ್ಯ ಮುಸಲ್ಮಾನ ಕ್ರೈಸ್ತರೆಂಬ ಭೇದವಿಲ್ಲದೆ ದೀನರ ಸೇವೆಗೆ ನಿಂತರು. 1888ರಲ್ಲಿ ಸ್ಪಾಫರ್ಡನು ತೀರಿಕೊಂಡನು. ಅವರು ಸ್ಥಾಪಿಸಿದ ಸಂಘವು ಮೊದಲನೆಯ ಮಹಾಯುದ್ಧದ ಕ್ಷಾಮದಲ್ಲಿ ಗಂಜಿಯ ಕೇಂದ್ರಗಳನ್ನು ನಡೆಸಿ ಹಸಿದವರನ್ನು ಬದುಕಿಸಿತು.

ಈ ಶ್ರದ್ಧೆಯು ಕನ್ನಡನಾಡಿಗೆ ಪರದೇಶದ್ದಾಗಿ ಉಳಿದಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ತೀರದಲ್ಲಿ ಕೊಂಕಣಿ ಮಾತಾಡುವ ಕ್ರೈಸ್ತರು ಬಹುಕಾಲದಿಂದ ನೆಲೆಸಿರುವರು. 1976ರಲ್ಲಿ ಕಾರವಾರವು ಅವರ ಧರ್ಮಪ್ರಾಂತದ ಪೀಠವಾಯಿತು. ಕುಮಟೆಯ ಸಮೀಪದ ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರನ ಇಗರ್ಜಿಗೆ ಡಿಸೆಂಬರ್ ತಿಂಗಳ ಹಬ್ಬದಲ್ಲಿ ಅನ್ಯಮತದವರೂ ತಮ್ಮ ಚಿಂತೆಗಳನ್ನು ಹೊತ್ತು ಬರುವರು. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ಪ್ರಯತ್ನದಿಂದ ಬೈಬಲು ಕನ್ನಡಕ್ಕೆ ಬಂದಿತು; 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಆ ಕೆಲಸವನ್ನು ಮುಂದುವರಿಸಿದರು.

ಈ ಮಠದ ಸಭೆಯಲ್ಲಿ ಒಂದು ಹೆಸರನ್ನಂತೂ ನೆನೆಯಲೇಬೇಕು. ರೆವರೆಂಡ್ ಉತ್ತಂಗಿ ಚನ್ನಪ್ಪನವರು (1881–1962) ಕ್ರೈಸ್ತ ಪಾದ್ರಿಗಳಾಗಿದ್ದು, ಹಳ್ಳಿಹಳ್ಳಿಗಳನ್ನು ಸುತ್ತಿ ಸರ್ವಜ್ಞನ ವಚನಗಳನ್ನು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದರು. ಅನುಭವಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥವನ್ನು ಬರೆದರು. 1949ರಲ್ಲಿ ಗುಲ್ಬರ್ಗದಲ್ಲಿ, ಎಂದರೆ ಇಂದಿನ ಕಲಬುರಗಿಯಲ್ಲಿ, ನೆರೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಪರರ ಭಂಡಾರವನ್ನು ತೆರೆದರೆ ತನ್ನದು ಬರಿದಾದೀತೆಂಬ ಅಂಜಿಕೆಯೂ ಚಿಂತೆಯ ಒಂದು ರೂಪವೇ. ತಮ್ಮ ವಿಶ್ವಾಸದಲ್ಲಿ ದೃಢರಾಗಿದ್ದುದರಿಂದ ಆ ಅಂಜಿಕೆಯು ಅವರನ್ನು ಮುಟ್ಟಲಿಲ್ಲ. ಶರಣರ ವಾಣಿಗೆ ಅವರು ತೋರಿದ ಆದರವನ್ನು ಅವರ ಧರ್ಮದ ವಾಣಿಗೆ ತೋರಿಸುವದು ಶರಣಮಾರ್ಗದವರಿಗೆ ಒಪ್ಪುವ ನಡೆಯೇ ಆಗಿರುವದು.

ಕೊನೆಯದಾಗಿ ಆಚರಣೆಯ ಮಾತು. ಚಿಂತೆಯಿಂದ ಕುಗ್ಗಿದವನನ್ನು ಭಕ್ತಿ ಸಾಲದವನೆಂದು ನಿಂದಿಸುವದು ಗಾಯಕ್ಕೆ ಉಪ್ಪು ಸವರಿದಂತೆ. ನಿದ್ದೆ ಊಟಗಳು ತಪ್ಪಿ ದಿನಗಳೆದವನಿಗೆ ಪ್ರಾರ್ಥನೆಯೊಡನೆ ವೈದ್ಯನ ಉಪಚಾರವೂ ಬೇಕು. ಸುವಾರ್ತೆಗಳಲ್ಲೊಂದನ್ನು ಬರೆದವನೆನ್ನುವ ಲೂಕನೇ ವೈದ್ಯನಾಗಿದ್ದನೆಂದು ಕ್ರೈಸ್ತರ ಪರಂಪರೆಯು ಹೇಳುವದು. ಸಾಲದ ಭಾರಕ್ಕೆ ಸಹಕಾರವೂ, ಗಂಡಸು ಕಡಲಿನಿಂದ ಬಾರದ ಮನೆಗೆ ಊರಿನ ಆಸರೆಯೂ ಬೇಕು. ಇವನ್ನು ಒದಗಿಸದೆ ಬರಿಯ ಉಪದೇಶವನ್ನು ಒದಗಿಸುವವರ ಪ್ರಾರ್ಥನೆಯು ಅರ್ಧವೇ ಸರಿ. ಅಳಿವೆಯಲ್ಲಿ ದೋಣಿ ಮಗುಚಿದಾಗ ನೀರಿಗೆ ಹಾರುವವರು ಮುಳುಗುತ್ತಿರುವವನ ಜಾತಿಮತಗಳನ್ನು ಕೇಳುವದಿಲ್ಲ. ದಡದ ಮೇಲೆಯೂ ಆ ನೀತಿಯೇ ನಡೆಯತಕ್ಕದ್ದು.

ಕಡಲಿಗೆ ಹೋದವರು ಕ್ಷೇಮದಿಂದ ದಡ ಸೇರಲಿ. ದಾರಿ ನೋಡುವವರ ಕಣ್ಣಿಗೆ ನಿದ್ದೆ ಬರಲಿ. ಬಾರದವರ ಮನೆಗಳಿಗೆ ಧೈರ್ಯವೂ ಬಂಧುಗಳೂ ದೊರೆಯಲಿ. ಯಾವ ಹೆಸರಿನಿಂದ ಕರೆದರೂ ಕರೆದವರ ಕೂಗನ್ನು ಕೇಳುವ ಕರುಣಾಳುವು ಸರ್ವರ ಚಿಂತೆಯನ್ನೂ ಹಗುರಗೊಳಿಸಲಿ.

ಸರ್ವರಿಗೂ ಮಂಗಳವಾಗಲಿ.