ಅಣೆಕಟ್ಟೆಯ ಮಗ್ಗುಲಲ್ಲೇ ಬಾಯಾರಿದ ಐದು ತಾಲ್ಲೂಕುಗಳು



ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಭರತ ಹುಣ್ಣಿಮೆಯ ಜಾತ್ರೆಯ ಸಮಯದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ವಾಕ್ಯ ನುಡಿಯುತ್ತಾನೆ. ಆ ಕಾರಣಿಕವನ್ನು ಕೇಳಲು ಲಕ್ಷಾಂತರ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಅದರ ಅರ್ಥವನ್ನು ಅವರು ಮೊದಲು ಹುಡುಕುವುದು ಮಳೆ ಬೆಳೆಯಲ್ಲಿ. ಮೈಲಾರ ತುಂಗಭದ್ರೆಯ ದಡದ ಊರು. ತುಂಬಿದ ನದಿಯ ಪಕ್ಕದಲ್ಲಿದ್ದೂ ಮುಗಿಲಿನ ಮಾತಿಗೆ ಕಿವಿಗೊಡಬೇಕಾದ ಜನರ ಈ ಸ್ಥಿತಿಯೇ ಇಂದಿನ ಉಪನ್ಯಾಸದ ವಿಷಯ.

ಮಲೆನಾಡಿನ ಸಭೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿಗಳ ಮಾತೇಕೆ ಎಂಬ ಪ್ರಶ್ನೆ ಸಹಜ. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ ಹರಿದು ಸೇರುವುದು ಆ ಸೀಮೆಯನ್ನೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಆ ಐದು ತಾಲ್ಲೂಕುಗಳಲ್ಲಿ ಬೀಳುವುದು 600ರ ಆಸುಪಾಸು. ಗುಡ್ಡದ ಮೇಲೆ ಬಿದ್ದ ಹನಿಯ ಒಡೆಯರು ಯಾರು, ಅದನ್ನು ಯಾರಿಗೆ ಎಷ್ಟು ಕೊಡಬೇಕೆಂದು ನಿರ್ಧರಿಸುವವರು ಯಾರು ಎಂಬ ಪ್ರಶ್ನೆ ಮೂಲದಲ್ಲಿರುವವರಿಗೂ ತುದಿಯಲ್ಲಿರುವವರಿಗೂ ಒಂದೇ.

ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದಾಗ, 1945ರಲ್ಲಿ, ಹೊಸಪೇಟೆಯ ಬಳಿ ತುಂಗಭದ್ರಾ ಅಣೆಕಟ್ಟೆಯ ಕೆಲಸ ಆರಂಭವಾಯಿತು. 1953ರಲ್ಲಿ ನೀರು ನಿಂತಿತು. ಅದೇ ವರ್ಷದ ಅಕ್ಟೋಬರ್ 1ರಂದು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ, ಸಂಡೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿ, 54 ಸಾವಿರದಷ್ಟು ಜನ ನೆಲೆ ಕಳೆದುಕೊಂಡರು. ಆದರೆ ಕಾಲುವೆಯ ನೀರು ಇಳಿಜಾರನ್ನು ಹಿಡಿದು ಹರಿಯುತ್ತದೆ. ಎಡದಂಡೆಯ ನೀರು ಕೊಪ್ಪಳ, ರಾಯಚೂರುಗಳತ್ತ ಹೋಯಿತು; ಬಲದಂಡೆಯ ನೀರು ಬಳ್ಳಾರಿ, ಸಿರುಗುಪ್ಪ ಮತ್ತು ಆಂಧ್ರದ ಜಿಲ್ಲೆಗಳತ್ತ ಹೋಯಿತು. ಅಣೆಕಟ್ಟೆಯ ಹಿಂದೆ, ಮೇಲಿನ ಮಟ್ಟದಲ್ಲಿದ್ದ ಪಶ್ಚಿಮದ ತಾಲ್ಲೂಕುಗಳಿಗೆ ಉಳಿದದ್ದು ಹಿನ್ನೀರಿನ ನೋಟ. ಭೂಮಿ ಕೊಟ್ಟವರು ಒಂದು ಕಡೆ, ನೀರುಂಡವರು ಇನ್ನೊಂದು ಕಡೆ. ಇದರಲ್ಲಿ ಕೆಳಗಿನ ರೈತರ ತಪ್ಪೇನೂ ಇಲ್ಲ. ಯೋಜನೆಯ ನಕ್ಷೆ ಬರೆಯುವಾಗ ಹಿನ್ನೀರಿನ ಜನರನ್ನು ಯಾರೂ ಪಾಲುದಾರರೆಂದು ಎಣಿಸಲಿಲ್ಲ ಎಂಬುದೇ ಲೋಪ.

ನೀರಿನ ಒಡೆತನದ ಬಗ್ಗೆ ಕಾನೂನು ಏನು ಹೇಳುತ್ತದೆ? ಸಂವಿಧಾನದ 7ನೇ ಅನುಸೂಚಿಯಲ್ಲಿ ನೀರು ರಾಜ್ಯಪಟ್ಟಿಯ 17ನೇ ವಿಷಯ. ಅಂತರರಾಜ್ಯ ನದಿಗಳ ನಿಯಂತ್ರಣ ಕೇಂದ್ರಪಟ್ಟಿಯ 56ನೇ ವಿಷಯ. ಕೃಷ್ಣಾ ಕೊಳ್ಳದ ವಿವಾದವನ್ನು ಬಚಾವತ್ ನ್ಯಾಯಮಂಡಳಿ ವಿಚಾರಿಸಿ 1973ರಲ್ಲಿ ವರದಿ ನೀಡಿತು. ತೀರ್ಪು 1976ರಲ್ಲಿ ಅಂತಿಮವಾಯಿತು. ತುಂಗಭದ್ರಾ ಜಲಾಶಯದಿಂದ ಬಳಸಬಹುದಾದ 212 ಟಿಎಂಸಿಯಲ್ಲಿ ಕರ್ನಾಟಕಕ್ಕೆ 138.99, ಅವಿಭಜಿತ ಆಂಧ್ರಕ್ಕೆ 73.01 ಎಂದು ಹಂಚಿಕೆಯಾಗಿದೆ. ಗಮನಿಸಬೇಕಾದ ಅಂಶವೆಂದರೆ, ಈ ಹಂಚಿಕೆ ರಾಜ್ಯ ರಾಜ್ಯಗಳ ನಡುವಿನದು. ರಾಜ್ಯದೊಳಗೆ ಯಾವ ಊರಿಗೆ ಎಷ್ಟು ಎಂಬ ನ್ಯಾಯವನ್ನು ಯಾವ ನ್ಯಾಯಮಂಡಳಿಯೂ ಹೇಳುವುದಿಲ್ಲ. ಅದನ್ನು ಕೇಳಿ ಪಡೆಯುವ ಹೊಣೆ ಜನರದು.

ನೆಲದಡಿಯ ನೀರಿನ ಕಥೆ ಬೇರೆ. 1882ರ ಭೋಗಾಧಿಕಾರ ಕಾಯಿದೆ ಮೊದಲು ಜಾರಿಯಾದ ಪ್ರದೇಶಗಳಲ್ಲಿ ಮದರಾಸು ಪ್ರಾಂತ್ಯವೂ ಒಂದು. ಅದರ ಪ್ರಕಾರ ತನ್ನ ಜಮೀನಿನ ಕೆಳಗಿನ ನೀರನ್ನು ಎತ್ತಿಕೊಳ್ಳುವ ಹಕ್ಕು ಭೂಮಾಲೀಕನದು. ಕಪಿಲೆ ಬಾವಿಯ ಕಾಲದಲ್ಲಿ ಎತ್ತುಗಳ ಶಕ್ತಿಯೇ ಆ ಹಕ್ಕಿಗೆ ಮಿತಿ ಹಾಕಿತ್ತು. ಕೊಳವೆಬಾವಿ ಬಂದ ಮೇಲೆ ಮಿತಿ ಅಳಿಯಿತು. ಹೆಚ್ಚು ಆಳ ಕೊರೆಯಬಲ್ಲವನು ನೆರೆಯವನ ನೀರನ್ನೂ ಸೆಳೆಯುತ್ತಾನೆ. ಜಮೀನಿಲ್ಲದವನಿಗೆ ನೀರಿನ ಹಕ್ಕೇ ಇಲ್ಲ. ಕೂಡ್ಲಿಗಿ, ಕೊಟ್ಟೂರುಗಳ ಗಟ್ಟಿ ಕಲ್ಲಿನ ನೆಲದಲ್ಲಿ ಬಿರುಕುಗಳಲ್ಲಷ್ಟೇ ನೀರು ನಿಲ್ಲುತ್ತದೆ. ಒಮ್ಮೆ ಬರಿದಾದರೆ ತುಂಬಲು ಹಲವು ಮಳೆಗಾಲ ಬೇಕು. ಕರ್ನಾಟಕದ 2011ರ ಅಂತರ್ಜಲ ಕಾಯಿದೆ ಅಧಿಸೂಚಿತ ಪ್ರದೇಶಗಳಲ್ಲಿ ಬಾವಿಗಳ ನೋಂದಣಿಯನ್ನೂ ಕೊರೆಯುವ ಮುನ್ನ ಅನುಮತಿಯನ್ನೂ ಕಡ್ಡಾಯ ಮಾಡಿದೆ. ಆದರೆ ಹಳೆಯ ಮನೋಭಾವ ಇನ್ನೂ ಉಳಿದಿದೆ.

ಒಡೆತನ ಕಂಪನಿಗಳ ಕೈಸೇರಿದಾಗ ಏನಾಗುತ್ತದೆಂಬುದಕ್ಕೂ ನಿದರ್ಶನಗಳಿವೆ. 1998ರಲ್ಲಿ, ಇಂದಿನ ಛತ್ತೀಸಗಡದ ಶಿವನಾಥ ನದಿಯ 20 ಕಿಲೋಮೀಟರಿಗೂ ಹೆಚ್ಚಿನ ಭಾಗವನ್ನು ಒಂದು ಖಾಸಗಿ ಸಂಸ್ಥೆಗೆ ವಹಿಸಲಾಯಿತು. ದಡದ ಹಳ್ಳಿಯವರಿಗೆ ಮೀನು ಹಿಡಿಯುವುದಕ್ಕೂ ಅಡ್ಡಿಯಾಯಿತು. ಕೇರಳದ ಪ್ಲಾಚಿಮಡದಲ್ಲಿ 2000ದಲ್ಲಿ ಆರಂಭವಾದ ಕೋಕಾ ಕೋಲಾ ಘಟಕ, ಬಾವಿಗಳು ಕೆಟ್ಟ ಮೇಲೆ ನಡೆದ ಜನರ ಹೋರಾಟದಿಂದ 2004ರಲ್ಲಿ ನಿಂತಿತು. ಬೊಲಿವಿಯದ ಕೊಚಬಾಂಬ ನಗರದಲ್ಲಿ ನೀರಿನ ದರ ಏರಿ ಜನ ಬೀದಿಗಿಳಿದಾಗ, 2000ದ ಏಪ್ರಿಲಿನಲ್ಲಿ ಸರ್ಕಾರ ಖಾಸಗಿ ಒಪ್ಪಂದವನ್ನೇ ರದ್ದುಗೊಳಿಸಬೇಕಾಯಿತು.

ಹಾಗಾದರೆ ಸರ್ಕಾರವೇ ಒಡೆಯನೆ? ಅದೂ ಅಲ್ಲ. ಎಂ.ಸಿ. ಮೆಹ್ತಾ ಮತ್ತು ಕಮಲನಾಥ್ ನಡುವಿನ ಮೊಕದ್ದಮೆಯ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ನದಿ, ಕಾಡು, ಗಾಳಿಗಳಿಗೆ ಸರ್ಕಾರ ಕೇವಲ ನ್ಯಾಸಧಾರಿ, ಅವು ಜನರ ಸ್ವತ್ತು ಎಂಬ ತತ್ತ್ವವನ್ನು ಎತ್ತಿಹಿಡಿಯಿತು. ನ್ಯಾಸಧಾರಿ ಸ್ವತ್ತನ್ನು ಮಾರುವಂತಿಲ್ಲ. ಹಾಳಾಗಲು ಬಿಡುವಂತೆಯೂ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ತುಂಬಿದ್ದ ಜಲಾಶಯದಿಂದ ಅಪಾರ ನೀರನ್ನು ಹೊರಬಿಡಬೇಕಾಯಿತು. ಒಡೆತನದ ವಾದ ಎಷ್ಟೇ ಗಟ್ಟಿಯಾಗಿದ್ದರೂ ನಿರ್ವಹಣೆ ಸಡಿಲವಾದರೆ ನೀರು ಯಾರಿಗೂ ದಕ್ಕುವುದಿಲ್ಲ ಎಂಬುದು ಅಂದು ಎಲ್ಲರಿಗೂ ಮನವರಿಕೆಯಾಯಿತು.

ಈಗ ಆ ಐದು ತಾಲ್ಲೂಕುಗಳಿಗೆ ನೀರು ಬರತೊಡಗಿದೆ ಎಂಬುದು ಸಂತೋಷದ ವಿಷಯ. ಹಮ್ಮಿಗಿ ಬ್ಯಾರೇಜಿನಿಂದ ಸಿಂಗಟಾಲೂರು ಏತ ನೀರಾವರಿಯ ಒಂದು ಭಾಗ ಹಡಗಲಿಗೆ ಸೇರಿದೆ. ಕೂಡ್ಲಿಗಿಯ 74 ಕೆರೆಗಳಿಗೆ, ಹರಪನಹಳ್ಳಿಯ 60 ಕೆರೆಗಳಿಗೆ, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯಕ್ಕೆ ನದಿನೀರು ತುಂಬಿಸುವ ಯೋಜನೆಗಳನ್ನು ಕೈಗೆತ್ತಿಕೊಳ್ಳಲಾಗಿದೆ. ಆದರೆ ನೀರು ಎತ್ತುವುದು ಬಿಟ್ಟಿಯಲ್ಲ. ಒಂದು ಕೋಟಿ ಲೀಟರ್ ನೀರನ್ನು 100 ಮೀಟರ್ ಮೇಲೇರಿಸಲು ಸುಮಾರು 4,000 ಯೂನಿಟ್ ವಿದ್ಯುತ್ ಬೇಕು. ಆ ಬಿಲ್ಲು ಕಟ್ಟುವವರು ಯಾರು? ಪಂಪು ಕೆಟ್ಟರೆ ದುರಸ್ತಿ ಯಾರದು? ಬರಗಾಲದಲ್ಲಿ ಮೊದಲು ಯಾವ ಕೆರೆಗೆ ನೀರು? ಇವಕ್ಕೆ ಉತ್ತರವನ್ನು ಮೊದಲೇ ಬರೆದಿಡದಿದ್ದರೆ, ಕೊಳವೆ ಹಾದುಹೋದ ಮೊದಲ ಊರು ತುಂಬುತ್ತದೆ, ಕೊನೆಯ ಊರು ಕಾಯುತ್ತದೆ.

ಕೃಷಿಯ ಲೆಕ್ಕವನ್ನೂ ನೋಡಬೇಕು. ಒಂದು ಟಿಎಂಸಿ ಎಂದರೆ ಸುಮಾರು 2,830 ಕೋಟಿ ಲೀಟರ್. ಒಂದು ಹಂಗಾಮಿನ ಭತ್ತಕ್ಕೆ 1,200 ಮಿಲಿಮೀಟರ್ ನೀರು ಬೇಕೆಂದು ಹಿಡಿದರೆ, ಅಷ್ಟು ನೀರಿನಲ್ಲಿ ಬೆಳೆಯುವುದು 6,000 ಎಕರೆಗೂ ಕಡಿಮೆ. ಅದೇ ನೀರನ್ನು ಜೋಳ, ಸಜ್ಜೆ, ನವಣೆ, ಶೇಂಗಾ ಹೊಲಗಳು ಬಾಡುವ ಹೊತ್ತಿನಲ್ಲಿ 50 ಮಿಲಿಮೀಟರಿನ ಒಂದು ರಕ್ಷಣಾ ನೀರಾಗಿ ಕೊಟ್ಟರೆ, ಅರ್ಧದಷ್ಟು ಸೋರಿಕೆ, ಆವಿಯಲ್ಲಿ ಹೋದರೂ ಸುಮಾರು 70,000 ಎಕರೆಯ ಬೆಳೆ ಉಳಿಯುತ್ತದೆ. ಭೌಗೋಳಿಕ ಗುರುತು ಪಡೆದ ಹಡಗಲಿ ಮಲ್ಲಿಗೆಯಂಥ ಸಣ್ಣ ಹಿಡುವಳಿಯ ಬೆಳೆಗೂ ಹನಿ ನೀರಾವರಿಯಲ್ಲಿ ಪಾಲು ಸಿಗುತ್ತದೆ. ನೀರು ಬಂತೆಂದು ಭತ್ತ, ಕಬ್ಬಿಗೆ ಜಾರಿದರೆ ಬಯಲುಸೀಮೆಗೆ ಬಂದ ನೀರು ಕೆಲವೇ ಹೊಲಗಳಲ್ಲಿ ಇಂಗಿಹೋಗುತ್ತದೆ.

ಪಾಲುದಾರರು ಮನುಷ್ಯರಷ್ಟೇ ಅಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. 2024ರಲ್ಲಿ ಅದು ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು. ಊರಿನ ಕೆರೆಯೊಂದು ಜಗತ್ತಿನ ಆಸ್ತಿಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಮಲೆನಾಡಿನ ಹೊಣೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರಾ ಜಲಾಶಯ 2016ರ ಸಮೀಕ್ಷೆಯಲ್ಲಿ 105.788 ಟಿಎಂಸಿಗೆ ಇಳಿದಿತ್ತು. ಸುಮಾರು 27 ಟಿಎಂಸಿಯ ಜಾಗವನ್ನು ಹೂಳು ತುಂಬಿದೆ. ಹೂಳೆಂದರೆ ಮೇಲಿನ ಕಾಡು, ಗುಡ್ಡ, ಹೊಲಗಳ ಮಣ್ಣು. ಭದ್ರೆಯ ಮೂಲದಲ್ಲಿ ಕುದುರೆಮುಖದ ಗಣಿಗಾರಿಕೆ ನಿಲ್ಲಬೇಕೆಂದು ಪರಿಸರಾಸಕ್ತರು ದುಡಿದದ್ದರಿಂದ 2002ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದು, 2005ರ ಕೊನೆಗೆ ಗಣಿ ನಿಂತಿತು. ಶೋಲಾ ಕಾಡನ್ನು ಉಳಿಸಿದವರು ಬಯಲಿನ ನೀರನ್ನೂ ಉಳಿಸಿದರು. ಗುಡ್ಡ ಕಡಿದು ರಸ್ತೆ, ರೆಸಾರ್ಟು ಕಟ್ಟುವಾಗಲೆಲ್ಲ ಈ ನಂಟು ನೆನಪಿರಬೇಕು.

ಹಿಂದೆ ಕೆರೆ ಕಟ್ಟಿಸಿದವರಿಗೆ, ಕಾಯ್ದವರಿಗೆ ದಶವಂದ, ಕಟ್ಟುಕೊಡಗೆ ಎಂದು ಭೂಮಿ ಬಿಡುತ್ತಿದ್ದುದನ್ನು ಶಾಸನಗಳು ಹೇಳುತ್ತವೆ. ತೂಬು ಎತ್ತುವ ನೀರಗಂಟಿ ಊರಿಗೆ ಉತ್ತರ ಕೊಡಬೇಕಿತ್ತು. ಇಂದಿನ ಕೊಳವೆ ಮಾರ್ಗಕ್ಕೂ ಅಂಥ ನೀರಗಂಟಿ ಬೇಕು. ಪ್ರತಿ ಕೆರೆಗೆ ಎಷ್ಟು ನೀರು ಬಂತು, ಎಷ್ಟು ಹೋಯಿತು ಎಂಬ ಲೆಕ್ಕವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಯಲಿ. ಗ್ರಾಮಸಭೆ ಅದನ್ನು ಪ್ರಶ್ನಿಸಲಿ. ಕುಡಿಯುವ ನೀರು, ದನಕರು, ರಕ್ಷಣಾ ನೀರು ಎಂಬ ಕ್ರಮ ನಿಗದಿಯಾಗಲಿ. ಜಮೀನಿಲ್ಲದವರ ಕೊಡಕ್ಕೂ ಅದರಲ್ಲಿ ಸಾಲು ಇರಲಿ. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಹಳ್ಳ, ಒಂದು ಕೆರೆಯ ನೀರಿನ ಮಟ್ಟವನ್ನು ವರ್ಷವಿಡೀ ಅಳೆದು ಬರೆದಿಟ್ಟರೆ ಈ ಕೆಲಸ ಇಂದೇ ಆರಂಭವಾದಂತೆ. ಲೆಕ್ಕ ಇಲ್ಲದ ಸ್ವತ್ತಿಗೆ ಒಡೆಯರಾಗಿ ಬರುವವರು ಬಹಳ ಜನ. ಲೆಕ್ಕವಿರುವ ನೀರನ್ನು ಊರು ಉಳಿಸಿಕೊಳ್ಳುತ್ತದೆ.