ಮೊನ್ನೆ ಬಂದವರಿಗೇ ಹೇಳಿದ್ದೆನಲ್ಲ

ವೇದಿಕೆಯ ಮೇಲಿರುವ ಹಿರಿಯರೆ, ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯಿಂದ ಬಂದಿರುವ ಆಶಾ ಕಾರ್ಯಕರ್ತೆಯರೆ, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ, ಲ್ಯಾಬ್ ಕೋರ್ಸಿನ ವಿದ್ಯಾರ್ಥಿಗಳೆ,

ನೋಡಿ, ವಿದ್ಯಾರ್ಥಿಗಳಲ್ಲಿ ವೈದ್ಯಕೀಯವನ್ನೇ ಮೊದಲು ಕರೆದೆ. ನೀವು ಕೂತಿರುವುದೂ ಅದೇ ಕ್ರಮದಲ್ಲಿ. ಹಾಗೆ ಕೂರಿ ಎಂದು ಯಾರೂ ಹೇಳಿರಲಿಲ್ಲ.

ಬೇರೆ ಬೇರೆ ಕೋರ್ಸಿನವರ ಜೊತೆ ಕಲಿಯಲು ವಿದ್ಯಾರ್ಥಿಗಳಿಗೆ ಎಷ್ಟು ಮನಸ್ಸಿದೆ ಎಂದು ಅಳೆಯಲು 1999ರಲ್ಲಿ ಬ್ರಿಟನ್ನಿನ ಪಾರ್ಸೆಲ್ ಮತ್ತು ಬ್ಲೈ ಒಂದು ಪ್ರಶ್ನಾವಳಿ ಪ್ರಕಟಿಸಿದರು. ಅದರಲ್ಲಿ 19 ಹೇಳಿಕೆಗಳು. ನರ್ಸುಗಳು, ಥೆರಪಿಸ್ಟುಗಳು ಇರುವುದು ಮುಖ್ಯವಾಗಿ ಡಾಕ್ಟರಿಗೆ ಒತ್ತಾಸೆಯಾಗಿ ಎಂಬರ್ಥದ್ದೂ ಒಂದು. ನನ್ನ ವಿದ್ಯಾರ್ಥಿಗಳು 'ಒಪ್ಪುವುದಿಲ್ಲ' ಎಂದು ಗುರುತು ಹಾಕಿ ಕಾಗದ ಕೊಟ್ಟು, ನೇರ ವಾರ್ಡಿಗೆ ಹೋಗಿ, ಮುಖ ಎತ್ತದೆ 'ಸಿಸ್ಟರ್, ಫೈಲು' ಎಂದು ಕೈ ಚಾಚುತ್ತಿದ್ದರು. ಕಪಟವೇನಲ್ಲ. ಕೈಗೆ ಅಭ್ಯಾಸವಾಗಿರುತ್ತದೆ, ಅಷ್ಟೆ.

ನನ್ನದೂ ಅದೇ ಕೈ. ಘಟ್ಟದ ಕೆಳಗಿನ ಒಂದು ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದೆ. ಸಿಲ್ವರ್ ಮರಕ್ಕೆ ಹಬ್ಬಿದ್ದ ಮೆಣಸು ಕೊಯ್ಯುವಾಗ ಏಣಿ ಜಾರಿ ತೊಡೆ ಮೂಳೆ ಮುರಿದುಕೊಂಡ ಆಳು ಬಂದ. ಪ್ಲೇಟು ಹಾಕಿದರು. ಕಾಲೂರಬೇಡ, ಕುಕ್ಕರಗಾಲಲ್ಲಿ ಕೂರಬೇಡ ಎಂದು ಚೀಟಿಯಲ್ಲಿ ಬರೆದು ಕಳಿಸಿದೆ. ತಿಂಗಳು ತುಂಬುವ ಮೊದಲೇ ವಾಪಸು ಬಂದ, ಪ್ಲೇಟು ಬಾಗಿತ್ತು. ಅವನ ಲೈನ್ ಮನೆಯ ಕಕ್ಕಸು ಪಾಚಿಗಟ್ಟಿದ ಏಳೆಂಟು ಮೆಟ್ಟಿಲ ಮೇಲಿತ್ತು, ಅಲ್ಲಿ ಕುಕ್ಕರಗಾಲಲ್ಲೇ ಕೂರಬೇಕು. ಅವನ ಮೈ ಒರೆಸುತ್ತಿದ್ದ ನರ್ಸಿಂಗ್ ವಿದ್ಯಾರ್ಥಿನಿಗೆ ಇದು ಮೊದಲ ವಾರವೇ ಗೊತ್ತಿತ್ತು, ಅವನ ಹೆಂಡತಿಯೇ ಹೇಳಿದ್ದಳಂತೆ. 'ಯಾಕೆ ಹೇಳಲಿಲ್ಲ?' ಎಂದೆ. 'ರೌಂಡ್ಸಲ್ಲಿ ನಮ್ಮನ್ನ ಯಾರು ಕೇಳ್ತಾರೆ ಡಾಕ್ಟ್ರೆ?' ಎಂದಳು. ನನಗೆ ಉತ್ತರ ಹೊಳೆಯಲಿಲ್ಲ.

ನಮ್ಮ ಮಲೆನಾಡಿನ ಕಾಯಿಲೆಗಳಂತೂ ಒಬ್ಬರ ಕೈಗೆ ಸಿಗುವಂಥವಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2024ರಲ್ಲಿ ನಮ್ಮ ಜಿಲ್ಲೆಯನ್ನೂ ಕಾಡಿತು. ಸತ್ತ ಮಂಗವನ್ನು ಮೊದಲು ಕಾಣುವವರು ಸೊಪ್ಪಿಗೆ ಹೋದವರು ಅಥವಾ ಫಾರೆಸ್ಟ್ ಗಾರ್ಡು. ಆಮೇಲೆ ಪಶುವೈದ್ಯರು. ಉಣುಗು ಕಚ್ಚದಂತೆ ಡೇಪಾ ಎಣ್ಣೆ ಹಿಡಿದು ಮನೆಮನೆಗೆ ಹೋಗುವವಳು ಆಶಾ. ರಕ್ತ ಪರೀಕ್ಷೆ ಲ್ಯಾಬಿನವರದು, ರಾತ್ರಿ ಎರಡಕ್ಕೆ ಒಸಡಿನಲ್ಲಿ ರಕ್ತ ಜಿನುಗಿದ್ದನ್ನು ಕಾಣುವವರು ನರ್ಸು. ಡಾಕ್ಟರು ಈ ಸಾಲಿನಲ್ಲಿ ಐದನೆಯವರೋ ಆರನೆಯವರೋ!

ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿದೆ. ನಮ್ಮ ಎಂ.ಬಿ.ಬಿ.ಎಸ್. ಪಠ್ಯಕ್ರಮವೂ 2019ರಿಂದ ವೈದ್ಯ ತಂಡದ ನಾಯಕನೂ ಹೌದು, ಸದಸ್ಯನೂ ಹೌದು ಎನ್ನುತ್ತಿದೆ. 'ನಾಯಕ' ಎಲ್ಲರಿಗೂ ನೆನಪಿರುತ್ತದೆ.

ಆದ್ದರಿಂದ ಕಾಲೇಜಿನವರಲ್ಲಿ ನನ್ನದು ಒಂದೇ ಬೇಡಿಕೆ, ಜಂಟಿ ಉಪನ್ಯಾಸ ಬೇಡ. ಒಂದು ಹಾಲಿನಲ್ಲಿ ಇನ್ನೂರು ಮಂದಿಯನ್ನು ಕೂರಿಸಿದರೆ ಒಟ್ಟಿಗೆ ತೂಕಡಿಸುತ್ತಾರೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ ಈಗ ಕುಟುಂಬ ದತ್ತು ಕಾರ್ಯಕ್ರಮವಿದೆ. ನರ್ಸಿಂಗಿನವರು ಮೊದಲಿಂದಲೂ ಮನೆ ಭೇಟಿ ಮಾಡುತ್ತಿದ್ದಾರೆ. ಇಬ್ಬರನ್ನೂ ಫಿಸಿಯೋಥೆರಪಿಯವರ ಜೊತೆ ಸೇರಿಸಿ ಒಂದೇ ದಿನ, ಒಂದೇ ಲೈನ್ ಮನೆಗೆ, ಆ ಊರಿನ ಆಶಾ ಹಿಂದೆ ಕಳಿಸಿ. ಕಳೆದ ಮಳೆಗಾಲ ಕಳಸದ ಕಡೆ ಒಂದು ಮನೆಯ ಜಗಲಿಯಲ್ಲಿ ನಮ್ಮ ಹುಡುಗನೊಬ್ಬ ಬಿ.ಪಿ. ಪಟ್ಟಿ ಸುತ್ತುತ್ತಾ ಪ್ರಶ್ನೆ ಶುರು ಮಾಡಿದ್ದ. ಅಲ್ಲಿದ್ದ ಅಜ್ಜಿ ಕವಳ ಉಗಿದು ಬಂದು ಹೇಳಿದರು: 'ಮೊನ್ನೆ ಬಂದ ಹುಡುಗಿಗೆ ಇದೆಲ್ಲ ಹೇಳಿದ್ದೆನಲ್ಲ ಮಾರಾಯ, ನೀವು ನೀವು ಮಾತಾಡೂದಿಲ್ವಾ?'